ಸುರಪುರದ ಮೆಡೋಸ್ ಟೇಲರ್

ಇಂಗಳೇಶ್ವರದಿಂದ ಮೂಡಣ ದಿಕ್ಕಿಗೆ ಹೊರಟು, ಡೋಣಿ ನದಿಯ ಕರಿಯೆರೆ ಭೂಮಿಯನ್ನು ಹಾಯ್ದು, ತಾಳಿಕೋಟೆ ಹುಣಸಗಿಗಳನ್ನು ಹಿಂದಿಕ್ಕಿ ನಡೆದರೆ ನೆಲದ ಸ್ವರೂಪವೇ ಬದಲಾಗುತ್ತದೆ. ಜೋಳದ ಬಯಲು ಮುಗಿದು ಹೆಬ್ಬಂಡೆಗಳನ್ನು ಹೊತ್ತ ಗುಡ್ಡಗಳು ತಲೆಯೆತ್ತುತ್ತವೆ. ಆ ಗುಡ್ಡಗಳ ಮಡಿಲಲ್ಲಿ ಸುರಪುರವಿದೆ. ಇಂದು ಅದು ಯಾದಗಿರಿ ಜಿಲ್ಲೆಯ ಒಂದು ತಾಲೂಕಿನ ಊರು. ನೂರೆಂಬತ್ತು ವರ್ಷಗಳ ಹಿಂದೆ ಅದು ಬೇಡ ನಾಯಕರ ರಾಜಧಾನಿಯಾಗಿದ್ದಿತು. ವಿಜಾಪುರದ ಸೀಮೆಯು ಮುಂಬಯಿ ಸರಕಾರಕ್ಕೂ ಸುರಪುರದ ಸೀಮೆಯು ಹೈದರಾಬಾದಿನ ನಿಜಾಮನಿಗೂ ಸಂದುದರಿಂದ, ಒಂದೇ ನುಡಿಯಾಡುವ ಈ ಎರಡು ಮಗ್ಗುಲಿನ ಜನರು 1956ರ ಏಕೀಕರಣದವರೆಗೆ ಬೇರೆಬೇರೆ ಆಳಿಕೆಗಳಲ್ಲಿ ಬಾಳಬೇಕಾಯಿತು. ಸುರಪುರದ ಕಥೆಯು ನಮ್ಮ ಭಾಗದ ಮಕ್ಕಳಿಗೆ ಅಷ್ಟಾಗಿ ಪರಿಚಿತವಾಗದೆ ಉಳಿದುದಕ್ಕೆ ಇದೂ ಒಂದು ಕಾರಣವಿರಬಹುದು.

ಈ ನಾಯಕರು ಸಾಮಾನ್ಯರಲ್ಲ. ಮೊಗಲ ಬಾದಶಹ ಔರಂಗಜೇಬನು 1705ರಲ್ಲಿ ತಾನೇ ನಿಂತು ನಡೆಸಿದ ಕಟ್ಟಕಡೆಯ ಮುತ್ತಿಗೆಯು ಇವರ ವಾಗಿಣಗೇರಿ ಕೋಟೆಯ ಮೇಲೆಯೇ ನಡೆಯಿತು. ಅಂಥ ಮನೆತನದ ಕೊನೆಯ ಅರಸನ ಬಾಳಿನೊಡನೆ, ಏಳು ಸಮುದ್ರ ದಾಟಿ ಬಂದ ಒಬ್ಬ ಆಂಗ್ಲನ ಬಾಳು ಹೆಣೆದುಕೊಂಡಿತು. ಆತನೇ ಫಿಲಿಪ್ ಮೆಡೋಸ್ ಟೇಲರ್. ಒಂದು ಜನಾಂಗದ ಮನಸ್ಸು ಇನ್ನೊಂದು ಜನಾಂಗದ ಮನಸ್ಸಿಗೆ ಎಷ್ಟು ದೂರದವರೆಗೆ ತಲುಪಬಲ್ಲದು, ಎಲ್ಲಿ ಬಂದು ನಿಂತುಬಿಡುತ್ತದೆ ಎಂಬುದನ್ನು ಅರಿಯಬೇಕೆನ್ನುವವರಿಗೆ ಈತನ ಚರಿತ್ರೆಯಷ್ಟು ಹತ್ತಿರದ ನಿದರ್ಶನವು ಈ ಭಾಗದಲ್ಲಿ ಮತ್ತೊಂದಿಲ್ಲ.

ಟೇಲರನು 1808ರ ಸೆಪ್ಟೆಂಬರ್ 25ರಂದು ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ ಜನಿಸಿದನು. ತಂದೆಯು ವ್ಯಾಪಾರಿ. ವ್ಯಾಪಾರವು ಕೆಟ್ಟು ಮನೆಯು ಸೋತಿತು. ಹದಿನೈದು ವರ್ಷದ ಬಾಲಕನನ್ನು ಮುಂಬಯಿಯ ಒಬ್ಬ ವರ್ತಕನಲ್ಲಿ ಕಾರಕೂನಿಕೆಗೆಂದು 1824ರಲ್ಲಿ ಹಡಗು ಹತ್ತಿಸಿದರು. ಬಂದು ನೋಡಿದರೆ ಆ ಅಂಗಡಿಯೂ ಮುಳುಗುವ ಸ್ಥಿತಿಯಲ್ಲಿದ್ದಿತು. ಹಿತೈಷಿಗಳಾದ ಬಂಧುಗಳ ಪ್ರಯತ್ನದಿಂದ ಅದೇ ವರ್ಷ ನಿಜಾಮನ ಸೈನ್ಯದಲ್ಲಿ ಒಂದು ಸಣ್ಣ ಅಧಿಕಾರ ದೊರೆಯಿತು. ಈ ನೌಕರಿಯ ಒಂದು ವಿಶೇಷವನ್ನು ಇಲ್ಲಿಯೇ ಹೇಳಿಬಿಡಬೇಕು. ಕಂಪನಿ ಸರಕಾರದ ಪದವೀಧರ ಅಧಿಕಾರಿಗಳ ಸಾಲಿನಲ್ಲಿ ನಿಜಾಮನ ಸೇವಕರಿಗೆ ಸಮಸ್ಥಾನವಿರಲಿಲ್ಲ. ಟೇಲರನು ಆಮೇಲೆ ಎಷ್ಟು ದೊಡ್ಡ ಕೆಲಸ ಮಾಡಿದರೂ ಈ ಕೊರತೆಯು ಅವನ ಬೆನ್ನು ಬಿಡಲಿಲ್ಲ. ತನ್ನವರ ಪಂಕ್ತಿಯಲ್ಲಿ ತುದಿಗೆ ಕುಳಿತವನಾದ್ದರಿಂದಲೇ ಅವನ ಕಣ್ಣು ನಮ್ಮವರ ಕಡೆಗೆ ಹೆಚ್ಚು ತಿರುಗಿತೆಂದು ತೋರುತ್ತದೆ.

ಓದು ಅರ್ಧಕ್ಕೆ ನಿಂತ ಹುಡುಗನು ಡೇರೆಯಲ್ಲಿ ಕುಳಿತು ಮುನಷಿಗಳಿಂದ ಹಿಂದುಸ್ತಾನಿ ಕಲಿತನು. ಬಳಿಕ ಮರಾಠಿ, ಫಾರಸಿಗಳಿಗೂ ಕೈ ಹಚ್ಚಿದನು. ಸೈನಿಕ ನ್ಯಾಯಾಲಯದಲ್ಲಿ ದುಭಾಷಿಯಾಗುವಷ್ಟು ಪ್ರೌಢಿಮೆ ಬಂದಾಗ ಅವನಿಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಭೂಮಾಪನ, ಚಿತ್ರಕಲೆ, ಸಂಗೀತ, ನ್ಯಾಯಶಾಸ್ತ್ರ ಇವೆಲ್ಲವೂ ಹೀಗೆಯೇ ಸ್ವಂತ ಶ್ರಮದಿಂದ ಬಂದವು. ಸ್ವಲ್ಪ ಕಾಲದಲ್ಲೇ ನಿಜಾಮನ ರಾಜ್ಯದ ನೈರುತ್ಯ ಭಾಗದ ಪೊಲೀಸು ಕೆಲಸವು ಅವನ ಪಾಲಿಗೆ ಬಂದಿತು. ತುಳಜಾಪುರದ ಯಾತ್ರೆಗೆ ಬಂದ ಬಡವರಿಗೆ ಅಲ್ಲಿಯ ವ್ಯಾಪಾರಿಗಳು ಮರಳು ಬೆರೆಸಿದ ಹಿಟ್ಟನ್ನು ಮಾರುತ್ತಿದ್ದರಂತೆ. ದೂರು ಬಂದಾಗ ಈ ತರುಣ ಸಾಹೇಬನು ಆ ವ್ಯಾಪಾರಿಗಳನ್ನು ಕರೆಯಿಸಿ, ಅವರ ಹಿಟ್ಟನ್ನು ಅವರೇ ತನ್ನೆದುರಿನಲ್ಲಿ ತಿನ್ನಬೇಕೆಂದು ಅಪ್ಪಣೆಯಿತ್ತನು. ಕಾನೂನಿನ ಪುಸ್ತಕದಲ್ಲಿ ಈ ಶಿಕ್ಷೆಯಿಲ್ಲ. ನಮ್ಮ ಊರ ಹಿರಿಯರು ಚಾವಡಿಯಲ್ಲಿ ಕುಳಿತು ಕೊಡಬಹುದಾದ ತೀರ್ಪಿನ ಜಾತಿಯದು ಅದು. ಜನರು ಮೆಚ್ಚಿ ಊರಿಂದೂರಿಗೆ ಹೇಳಿಕೊಂಡರು.

ಅವನ ವಿವಾಹವೂ ಇದೇ ದಿಕ್ಕಿಗೆ ಅವನನ್ನು ಒಯ್ದಿತು. ಹೈದರಾಬಾದಿನ ಹೆಸರಾಂತ ಸಾಹುಕಾರ ವಿಲಿಯಂ ಪಾಮರನ ಮಗಳು ಮೇರಿಯನ್ನು ಅವನು ವರಿಸಿದನು. ಪಾಮರನ ತಂದೆ ಆಂಗ್ಲ ಸೇನಾನಿ, ತಾಯಿ ಲಖನೌ ಕಡೆಯ ಬೇಗಂ. ಮಾವನ ಮನೆಯ ಪಡಸಾಲೆಯಲ್ಲಿ ಎರಡು ಲೋಕಗಳ ಮಾತುಕತೆ ನಿತ್ಯ ನಡೆಯುತ್ತಿದ್ದಿತು. ಹಿಂದೂಸ್ಥಾನದ ಇತಿಹಾಸದ ರುಚಿಯನ್ನು ಟೇಲರನಿಗೆ ಹತ್ತಿಸಿದವರಲ್ಲಿ ಈ ಮಾವನೂ ಒಬ್ಬನು.

ದಾರಿಗರನ್ನು ನಂಬಿಸಿ ಕೊರಳು ಬಿಗಿದು ಕೊಲ್ಲುತ್ತಿದ್ದ ಠಕ್ಕರ ಗುಂಪುಗಳ ಜಾಡು ಟೇಲರನಿಗೆ ಮೊದಲೇ ಹತ್ತಿದ್ದಿತು. ಆದರೆ ಮೇಲಧಿಕಾರಿಯ ಆಜ್ಞೆಯಿಂದ ದಂಡಿಗೆ ಮರಳಬೇಕಾಗಿ, ಅವರನ್ನು ಬಯಲಿಗೆಳೆದ ಕೀರ್ತಿಯು ಸ್ಲೀಮನ್ ಎಂಬ ಅಧಿಕಾರಿಗೆ ಸಂದಿತು. ಮುಂದೆ ಸೆರೆಸಿಕ್ಕ ಠಕ್ಕರ ಹೇಳಿಕೆಗಳನ್ನು ಟೇಲರನು ತಾನೇ ಕುಳಿತು ಕೇಳಿದನು. ಆ ಕೇಳಿಕೆಯ ಫಲವಾಗಿ ‘ಕನ್ಫೆಶನ್ಸ್ ಆಫ್ ಎ ಥಗ್’ ಎಂಬ ಕಾದಂಬರಿಯು 1839ರಲ್ಲಿ ಹೊರಬಂದಿತು. ವಿಕ್ಟೋರಿಯಾ ರಾಣಿಯು ಅದರ ಕರಡಚ್ಚಿನ ಹಾಳೆಗಳನ್ನೇ ತರಿಸಿಕೊಂಡು ಓದಿದಳೆಂಬುದು ಪ್ರಸಿದ್ಧವಾಗಿದೆ. ಮರುವರ್ಷವೇ ಟಿಪ್ಪೂ ಸುಲ್ತಾನನನ್ನು ಕುರಿತ ಕಾದಂಬರಿ ಬಂದಿತು. ಲಂಡನ್ನಿನಲ್ಲಿ ಹೆಸರು ಗಳಿಸಿದ ಲೇಖಕನು ಅಲ್ಲಿ ನಿಲ್ಲದೆ ಮತ್ತೆ ದಖ್ಖಣಕ್ಕೆ ಮರಳಿ ಬಂದನು.

ಅವನನ್ನು ಸುರಪುರಕ್ಕೆ ಕಳುಹಿಸಿದುದು 1841ರಲ್ಲಿ. ಸಂಸ್ಥಾನವು ಸಾಲದಲ್ಲಿ ಮುಳುಗಿದ್ದಿತು. ನಿಜಾಮನಿಗೆ ಸಲ್ಲಬೇಕಾದ ಕಾಣಿಕೆಯ ಬಾಕಿ ಬೆಳೆದಿದ್ದಿತು. ರಾಜಾ ಕೃಷ್ಣಪ್ಪ ನಾಯಕನು 1842ರಲ್ಲಿ ತೀರಿಕೊಂಡನು. ಗಾದಿಗೆ ಹಕ್ಕುದಾರನಾದ ವೆಂಕಟಪ್ಪ ನಾಯಕನು ಆಗಿನ್ನೂ ಏಳೆಂಟು ವರ್ಷದ ಕೂಸು. ತಾಯಿ ರಾಣಿ ಈಶ್ವರಮ್ಮನು ಅಧಿಕಾರವನ್ನು ಕೈಬಿಡಲೊಲ್ಲಳು. ಮಗುವಿನ ಚಿಕ್ಕಪ್ಪ ಪಿಡ್ಡ ನಾಯಕನ ಪಕ್ಷವೊಂದು, ರಾಣಿಯ ಪಕ್ಷವೊಂದು, ಗುಡ್ಡಗುಡ್ಡಗಳಲ್ಲಿ ಕತ್ತಿ ಕೋವಿ ಹಿಡಿದು ಕುಳಿತ ಸಾವಿರಾರು ಬೇಡ ಬಂಟರು ಇನ್ನೊಂದು ಕಡೆ. ಈ ನಡುವೆ ಬಂದು ನಿಂತ ಟೇಲರನ ಕೈಯಲ್ಲಿ ದೊಡ್ಡ ಸೈನ್ಯವೇನೂ ಇರಲಿಲ್ಲ. ಮಾತು, ತಾಳ್ಮೆ, ದಫ್ತರದ ಲೆಕ್ಕ ಇವೇ ಅವನ ಆಯುಧಗಳು. ಅಪಾಯದ ಸಮಯದಲ್ಲಿ ಅವನು ಬೇಡರ ನಾಯಕರನ್ನು ಬಳಿಗೆ ಕರೆದು, ಅವರ ಹಳೆಯ ಇನಾಮು ಹಕ್ಕುಗಳಿಗೆ ಚ್ಯುತಿ ಬಾರದೆಂದು ಅಭಯವಿತ್ತು, ಕೂಸಿನ ಗಾದಿಗೆ ಅವರನ್ನೇ ಕಾವಲು ಮಾಡಿದನು. ರಾಣಿಯು ಅವನಿಗೆ ಕೊನೆಯವರೆಗೂ ಒಲಿಯಲಿಲ್ಲ. ಅವನೂ ತನ್ನ ಆತ್ಮಕಥೆಯಲ್ಲಿ ಆಕೆಯ ವಿಷಯದಲ್ಲಿ ಕಠಿಣವಾಗಿಯೇ ಬರೆದಿದ್ದಾನೆ. ಗಂಡನನ್ನು ಕಳೆದುಕೊಂಡು, ಪರದೇಶದ ಅಧಿಕಾರಿಯೊಬ್ಬನು ತನ್ನ ಮಗುವನ್ನೂ ಮನೆಯ ಕೀಲಿಕೈಯನ್ನೂ ಒಟ್ಟಿಗೆ ತೆಗೆದುಕೊಳ್ಳುವುದನ್ನು ಕಂಡ ಹೆಣ್ಣೊಬ್ಬಳು ಬೇರೆ ಹೇಗೆ ನಡೆದುಕೊಂಡಾಳು ಎಂಬ ವಿಚಾರವು ಅವನ ಬರವಣಿಗೆಯಲ್ಲಿ ಬಹಳ ಕಡಿಮೆ. ಓದುವವರು ಇದನ್ನು ಗಮನದಲ್ಲಿಟ್ಟುಕೊಳ್ಳಬೇಕು.

ಬಾಲಕ ಅರಸನ ವಿಷಯವು ಬೇರೆ. ಟೇಲರನು ಅವನ ವಿದ್ಯಾಭ್ಯಾಸಕ್ಕೆ ತಾನೇ ನಿಂತನು. ಹುಡುಗನು ಇವನನ್ನು ಅಪ್ಪಾ ಎಂದೇ ಕರೆಯತೊಡಗಿದನು. ನಮ್ಮ ಕಡೆ ಈ ಶಬ್ದವು ತಂದೆಗೂ ಸಲ್ಲುತ್ತದೆ, ಹಿರಿಯರಿಗೂ ಗುರುಗಳಿಗೂ ಸಲ್ಲುತ್ತದೆ. ಹುಡುಗನ ಬಾಯಲ್ಲಿ ಅದು ಯಾವ ಅರ್ಥದಿಂದ ಮೊದಲಾಯಿತೋ, ಟೇಲರನ ಕಿವಿಯಲ್ಲಿ ಮಾತ್ರ ಅದು ತಂದೆಯೆಂಬ ಅರ್ಥದಲ್ಲಿಯೇ ನಿಂತಿತು. ಅವನ ಪತ್ನಿ ಮೇರಿಯು ಈ ವರ್ಷಗಳಲ್ಲಿಯೇ ತೀರಿಕೊಂಡಿದ್ದಳು. ಗುಡ್ಡದ ಮೇಲೆ ಅವನು ಕಟ್ಟಿಸಿದ ಬಂಗಲೆಯು ಟೇಲರ್ ಮಂಜಿಲ್ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಬೋನಾಳದ ವಿಶಾಲವಾದ ಕೆರೆಯನ್ನು ದುರಸ್ತಿ ಮಾಡಿಸಿ, ದಣಿವಾದಾಗ ಅಲ್ಲಿ ಹೋಗಿ ತಂಗುತ್ತಿದ್ದನು. ಇಂದು ಆ ಕೆರೆಯು ಪಕ್ಷಿಧಾಮವಾಗಿದೆ. ಸಾಲ ತೀರಿಸುತ್ತ, ರಸ್ತೆ ಮಾಡಿಸುತ್ತ, ಹನ್ನೆರಡು ವರ್ಷ ಅವನು ಅಲ್ಲಿದ್ದನು. ಜನರು ಅವನಿಗೆ ಮಹಾದೇವ ಬಾಬಾ ಎಂದು ಹೆಸರಿಟ್ಟರು. ಮೆಡೋಸ್ ಎಂಬ ಪರಭಾಷೆಯ ಶಬ್ದವು ಜನರ ನಾಲಗೆಯ ಮೇಲೆ ಹೊರಳಿ ಮಹಾದೇವನಾಯಿತು. ಶಬ್ದಶಾಸ್ತ್ರದ ದೃಷ್ಟಿಯಿಂದ ಇದು ಕೇವಲ ತದ್ಭವ ಪ್ರಕ್ರಿಯೆ. ಆದರೆ ಹೊರಗಿನವನೊಬ್ಬನನ್ನು ಒಳಗೆ ಕರೆದುಕೊಳ್ಳಲು ಜನರು ಬಳಸುವ ಉಪಾಯಗಳಲ್ಲಿ ಅವನ ಹೆಸರನ್ನು ತಮ್ಮದಾಗಿಸಿಕೊಳ್ಳುವುದೇ ಮೊದಲನೆಯದೆಂಬುದು ಸುಳ್ಳಲ್ಲ.

ಆಡಳಿತದ ನಡುವೆ ಅವನು ಮಾಡಿದ ಇನ್ನೊಂದು ಕೆಲಸವು ವಿದ್ವಾಂಸರಿಗೆ ಸ್ಮರಣೀಯವಾದುದು. ರಾಜನಕೋಳೂರು, ಹಗರಟಗಿ, ಜೇವರ್ಗಿ ಮುಂತಾದ ಕಡೆಗಳಲ್ಲಿ ಬೃಹದಾಕಾರದ ಕಲ್ಲುಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ಚಪ್ಪಡಿ ಮುಚ್ಚಿದ ಪ್ರಾಚೀನ ರಚನೆಗಳಿವೆ. ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲಿ ಬಂಡೆಗಳನ್ನು ಸಾಲುಸಾಲಾಗಿ ಹೂಡಿಟ್ಟಿದ್ದಾರೆ. ಹಳ್ಳಿಯವರು ಇವನ್ನು ಮೋರ್ಯರ ಮನೆಗಳೆನ್ನುತ್ತಾರೆ. ಹಿಂದೆ ಗೇಣುದ್ದದ ಜನರು ವಾಸವಾಗಿದ್ದ ಮನೆಗಳಿವು ಎಂಬುದು ಅವರ ನಂಬಿಕೆ. ಟೇಲರನು ಇಂಥವನ್ನು ಅಗೆಯಿಸಿ, ಒಳಗಿನ ಮಡಕೆ, ಎಲುಬು, ಕಬ್ಬಿಣದ ಚೂರುಗಳನ್ನು ನೋಡಿ, ಪದರು ಪದರಾಗಿ ಅಳತೆ ತೆಗೆದು ನಕ್ಷೆ ಬರೆದನು. ಜೇವರ್ಗಿಯ ಲೇಖನವು 1850ರ ದಶಕದ ಆರಂಭದಲ್ಲಿ ಮುಂಬಯಿಯ ಏಶಿಯಾಟಿಕ್ ಸೊಸಾಯಿಟಿಯ ಪತ್ರಿಕೆಯಲ್ಲಿ ಬಂದಿತು. ತನ್ನ ದ್ವೀಪದೇಶದಲ್ಲಿಯೂ ಇಂಥವೇ ಕಲ್ಲುಗಳಿರುವುದನ್ನು ನೆನೆದು, ಎರಡನ್ನೂ ಒಂದೇ ಕುಲದ ಜನರು ನಿಲ್ಲಿಸಿರಬೇಕೆಂದು ಅವನು ಊಹಿಸಿದನು. ಆ ಊಹೆಯನ್ನು ಇಂದಿನ ವಿದ್ವಾಂಸರು ಒಪ್ಪುವುದಿಲ್ಲ. ಆದರೆ ಅವನ ಅಗೆತದ ಕ್ರಮವನ್ನು ಒಂದು ಶತಮಾನದ ತರುವಾಯ ಮಾರ್ಟಿಮರ್ ವ್ಹೀಲರನಂಥ ಪುರಾತತ್ತ್ವಜ್ಞನೂ ಕೊಂಡಾಡಿದನು. ಕಾಡುಜನರ ನಾಡೆಂದು ತನ್ನವರು ಹೀಗಳೆಯುತ್ತಿದ್ದ ಸೀಮೆಯಲ್ಲಿ ತನ್ನ ಪೂರ್ವಜರ ಗುರುತುಗಳನ್ನೇ ಹುಡುಕಿದ ಆ ತಪ್ಪು ಊಹೆಯು, ಎಷ್ಟೋ ಸರಿಯಾದ ಊಹೆಗಳಿಗಿಂತ ಉದಾರವಾದುದು.

ಪ್ರಾಪ್ತವಯಸ್ಕನಾದ ವೆಂಕಟಪ್ಪ ನಾಯಕನಿಗೆ 1853ರಲ್ಲಿ ಸಂಸ್ಥಾನವನ್ನು ಒಪ್ಪಿಸಲಾಯಿತು. ಅದೇ ವರ್ಷ ನಿಜಾಮನು ಆಂಗ್ಲರಿಗೆ ಬಿಟ್ಟುಕೊಟ್ಟ ಪ್ರಾಂತಗಳಲ್ಲಿ ಒಂದಾದ ನಳದುರ್ಗಕ್ಕೆ ಟೇಲರನನ್ನು ವರ್ಗಾಯಿಸಿದರು. ಹುಡುಗನ ಸುತ್ತ ನೆರೆಯುತ್ತಿದ್ದ ಜನರನ್ನು ನೋಡಿ ಅವನ ಮನಸ್ಸಿನಲ್ಲಿ ಅಳುಕಿದ್ದಿತು. ಆದರೂ ಹೊರಡಬೇಕಾಯಿತು.

ಜಗತ್ತಿನ ಇನ್ನೊಂದು ಮೂಲೆಯಲ್ಲಿ ಅದೇ 1853ರ ಜುಲೈ ತಿಂಗಳಲ್ಲಿ ಅಮೆರಿಕದ ನೌಕಾಧಿಕಾರಿ ಪೆರಿಯು ನಾಲ್ಕು ಯುದ್ಧನೌಕೆಗಳೊಡನೆ ಜಪಾನಿನ ಉರಾಗಾ ರೇವಿನೆದುರು ಬಂದು ನಿಂತನು. ಜಪಾನಿಯರಿಗೆ ಇಂಗ್ಲಿಷ್ ಬಾರದು, ಅಮೆರಿಕನ್ನರಿಗೆ ಜಪಾನಿ ಬಾರದು. ನಾಗಾಸಾಕಿಯ ವ್ಯಾಪಾರದಿಂದಾಗಿ ಅಲ್ಲಿಯ ದುಭಾಷಿಗಳಿಗೆ ಡಚ್ ಭಾಷೆ ಬರುತ್ತಿದ್ದುದರಿಂದ, ಎರಡು ರಾಷ್ಟ್ರಗಳು ಮೂರನೆಯವರ ನುಡಿಯಲ್ಲಿ ಮಾತಾಡಿದವು. ಮರುವರ್ಷ ಕನಗಾವಾದಲ್ಲಿ ಒಪ್ಪಂದವೂ ಆಯಿತು. ಆದರೆ ಅಮೆರಿಕದ ರಾಜಪ್ರತಿನಿಧಿಯನ್ನು ನೇಮಿಸಲು ಎರಡು ಸರಕಾರಗಳಲ್ಲಿ ಯಾವುದಾದರೊಂದು ಬಯಸಿದರೆ ಸಾಕೆಂದು ಇಂಗ್ಲಿಷ್ ಪ್ರತಿಯಲ್ಲಿಯೂ, ಎರಡೂ ಒಪ್ಪಬೇಕೆಂದು ಜಪಾನಿ ಪ್ರತಿಯಲ್ಲಿಯೂ ಅರ್ಥವಾಗುವಂತಿದ್ದಿತು. 1856ರಲ್ಲಿ ಟೌನ್‌ಸೆಂಡ್ ಹ್ಯಾರಿಸ್ ಎಂಬ ಪ್ರತಿನಿಧಿಯು ಶಿಮೋದಾಕ್ಕೆ ಬಂದಿಳಿದಾಗ ತಕರಾರು ಎದ್ದಿತು. ಅಲ್ಲಿ ಭಾಷೆಯ ತೊಡಕಾದರೂ ಕಣ್ಣಿಗೆ ಕಾಣುವಂತಿದ್ದಿತು. ಸುರಪುರದಲ್ಲಿ ಆ ತೊಡಕಿರಲಿಲ್ಲ. ಅರಸನಿಗೂ ಸಾಹೇಬನಿಗೂ ನಡುವೆ ದುಭಾಷಿಯೇ ಬೇಕಿರಲಿಲ್ಲ. ಅಲ್ಲಿ ನಡುವೆ ನಿಂತದ್ದು ಬೇರೊಂದು ವಸ್ತು, ಅದು ಪ್ರಭುತ್ವ.

1857ರ ದಂಗೆಯ ಕಾಲಕ್ಕೆ ಟೇಲರನನ್ನು ವರ್ಹಾಡದ ಬುಲ್ಡಾಣಾಕ್ಕೆ ಕಳುಹಿಸಿದ್ದರು. ಸೈನ್ಯದ ಬೆಂಬಲವಿಲ್ಲದೆಯೇ ಅವನು ಆ ಜಿಲ್ಲೆಯನ್ನು ಶಾಂತವಾಗಿರಿಸಿದನು. ಅತ್ತ ಸುರಪುರಕ್ಕೆ ಹೊರಗಿನಿಂದ ದೂತರು ಬರತೊಡಗಿದರು. ಇಪ್ಪತ್ತಮೂರು ವರ್ಷದ ಅರಸನು ಅರಬರನ್ನೂ ರೋಹಿಲರನ್ನೂ ಕೂಡಿಸಿದನು. ತನ್ನ ಹಿರಿಯರು ಬಾದಶಹನಿಗೇ ಎದುರುನಿಂತ ನೆನಪು ಅವನ ರಕ್ತದಲ್ಲಿತ್ತು. ಎಚ್ಚರಿಸಲು ಬಂದ ಆಂಗ್ಲ ಅಧಿಕಾರಿಯ ಮಾತು ನಾಟಲಿಲ್ಲ. 1858ರ ಫೆಬ್ರವರಿಯಲ್ಲಿ ಸೈನ್ಯವು ಸುರಪುರಕ್ಕೆ ಬಂದಿತು. ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಎಂಬವನು ಸತ್ತನು. ಆ ರಾತ್ರಿಯೇ ಅರಸನು ಕೆಲವೇ ಸವಾರರೊಡನೆ ಊರು ಬಿಟ್ಟು ಹೈದರಾಬಾದಿಗೆ ಹೋದನು. ಅಲ್ಲಿ ಅವನನ್ನು ಹಿಡಿದು ಆಂಗ್ಲರ ವಶಕ್ಕೆ ಕೊಡಲಾಯಿತು.

ಟೇಲರನು ಸೆರೆಮನೆಗೆ ಹೋಗಿ ತನ್ನ ಹುಡುಗನನ್ನು ಕಂಡನು. ಅವನು ಓಡಿಬಂದು ಇವನ ಮೊಳಕಾಲು ತಬ್ಬಿ ಮಗುವಿನಂತೆ ಅತ್ತನು. ದಂಗೆಗೆ ಪ್ರೇರಿಸಿದವರು ಯಾರೆಂದು ಹೇಳಿದರೆ ಕ್ಷಮೆಗೆ ದಾರಿಯಾಗಬಹುದೆಂಬ ಸೂಚನೆಯು ರೆಸಿಡೆಂಟನ ಕಡೆಯಿಂದ ಬಂದಿದ್ದಿತು. ಅದನ್ನು ತಿಳಿಸುವ ಹೊಣೆಯು ಟೇಲರನ ಮೇಲೆ ಬಿದ್ದಿತು. ಯಾರಿಗೂ ಹೇಳದ್ದನ್ನು ಅಪ್ಪನಿಗೆ ಹೇಳಿಯಾನೆಂಬುದು ಮೇಲಿನವರ ಎಣಿಕೆ. ಅರಸನು ಹೇಳಲಿಲ್ಲ. ತನ್ನ ತಪ್ಪನ್ನು ಅವನು ಮರೆಮಾಚಲಿಲ್ಲ, ಆದರೆ ನಂಬಿದವರ ಹೆಸರು ಹೇಳಿ ಬದುಕುವುದು ತನ್ನ ಕುಲಕ್ಕೆ ಸಲ್ಲದೆಂದನು. ಕಳ್ಳನಂತೆ ನೇಣುಹಾಕದೆ ತೋಪಿನ ಬಾಯಿಗೆ ಕೊಡಬೇಕೆಂಬುದೊಂದೇ ಅವನ ಬೇಡಿಕೆ. ಹನ್ನೆರಡು ವರ್ಷ ಅವನಿಗೆ ಪಾಠ ಹೇಳಿಸಿದವನು ಅಂದು ಅವನಿಂದ ಪಾಠ ಕೇಳಿದಂತಾಯಿತು. ಟೇಲರನ ದೊಡ್ಡತನವೆಂದರೆ, ಈ ನಿರಾಕರಣೆಯನ್ನು ಅವನು ತನ್ನ ಪುಸ್ತಕದಲ್ಲಿ ಮುಚ್ಚಿಡದೆ, ಮೆಚ್ಚುಗೆಯಿಂದಲೇ ದಾಖಲಿಸಿದನು.

ವಿಚಾರಣೆಯಲ್ಲಿ ಮರಣದಂಡನೆಯಾಯಿತು. ರೆಸಿಡೆಂಟನು ಅದನ್ನು ದ್ವೀಪಾಂತರದ ಶಿಕ್ಷೆಗೆ ಇಳಿಸಿದನು. ಗವರ್ನರ್ ಜನರಲ್ಲನು ಅದನ್ನೂ ತಗ್ಗಿಸಿ, ಮದ್ರಾಸಿನ ಬಳಿಯ ಚೆಂಗಲಪಟ್ಟಿನ ಕೋಟೆಯಲ್ಲಿ ನಾಲ್ಕು ವರ್ಷ ಸೆರೆಯೆಂದೂ, ನಡತೆ ಒಳ್ಳೆಯದಾದರೆ ಸಂಸ್ಥಾನವು ಮರಳಿ ದೊರೆಯಬಹುದೆಂದೂ ಆಜ್ಞೆ ಮಾಡಿದನು.

ಇಲ್ಲಿ ಟೇಲರನೇ ಬರೆದಿಟ್ಟ ಒಂದು ವೃತ್ತಾಂತವನ್ನು ಹೇಳಲೇಬೇಕು. ಹಲವು ವರ್ಷಗಳ ಹಿಂದೆ ರಾಣಿಯು ಕಾಯಿಲೆಯಿಂದ ಮಲಗಿದ್ದಾಗ ಅವನನ್ನು ಕರೆಯಿಸಿ, ಅರಮನೆಯ ಶಾಸ್ತ್ರಿಯ ಕೈಯಿಂದ ಮಗನ ಜಾತಕವನ್ನು ತೋರಿಸಿದ್ದಳು. ಅರಸನು ಇಪ್ಪತ್ತನಾಲ್ಕನೆಯ ವರ್ಷವನ್ನು ದಾಟಲಾರನೆಂದು ಅದರಲ್ಲಿತ್ತು. ಆ ಗುಟ್ಟನ್ನು ಅವಳು ಅದುವರೆಗೆ ಬಿಟ್ಟುಕೊಟ್ಟಿರಲಿಲ್ಲ. ಒಲಿಯದ ರಾಣಿಯು ತನ್ನ ಎದೆಯ ಭಾರವನ್ನು ಇಳಿಸಿಕೊಳ್ಳಲು ಆರಿಸಿದವನು ಈ ಪರದೇಶೀಯನೇ ಎಂಬುದು ವಿಚಾರಾರ್ಹ. ಶಿಕ್ಷೆಯು ತಗ್ಗಿದ ಸುದ್ದಿ ಬಂದಾಗ ಟೇಲರನು ಸಂತೋಷದಿಂದ ಆ ಶಾಸ್ತ್ರಿಗೆ ಜಾತಕ ಸುಳ್ಳಾಯಿತೆಂದು ಹೇಳಿದನು. ಶಾಸ್ತ್ರಿಯು ಒಪ್ಪಲಿಲ್ಲ, ವರ್ಷವಿನ್ನೂ ಮುಗಿದಿಲ್ಲವೆಂದನು. ಸ್ವಲ್ಪ ದಿನಗಳಲ್ಲೇ ವಾರ್ತೆ ಬಂದಿತು. ಚೆಂಗಲಪಟ್ಟಿನ ದಾರಿಯಲ್ಲಿ ಮೊದಲ ಬಿಡಾರದಲ್ಲಿಯೇ, ಕಾವಲಿನ ಅಧಿಕಾರಿಯು ಡೇರೆಯಲ್ಲಿ ಬಿಟ್ಟುಹೋಗಿದ್ದ ಪಿಸ್ತೂಲಿನ ಗುಂಡು ತಗಲಿ ವೆಂಕಟಪ್ಪ ನಾಯಕನು ಮಡಿದಿದ್ದನು. ಅದು ತಾನಾಗಿ ಸಿಡಿಯಿತೋ ಅವನೇ ಸಿಡಿಸಿಕೊಂಡನೋ ಎಂದು ಅಂದಿನಿಂದಲೂ ಮಾತಿದೆ. ಸೆರೆಯಲ್ಲಿ ಕೂರುವುದಕ್ಕಿಂತ ಸಾವು ಲೇಸೆಂದು ಅರಸನು ಬಗೆದನೆಂದೇ ಸುರಪುರದ ಸೀಮೆಯ ಜನರು ಹೇಳುತ್ತಾರೆ. ತೋಪಿನ ಬಾಯಿಯನ್ನು ಬೇಡಿದವನ ವಿಷಯದಲ್ಲಿ ಆ ಮಾತು ಅಸಂಭವವಲ್ಲ.

ಸಂಸ್ಥಾನವನ್ನು ಕಟ್ಟಿಕೊಡಲು ಶ್ರಮಿಸಿದ್ದ ಟೇಲರನೇ ಅದನ್ನು ಸರಕಾರದ ಪರವಾಗಿ ವಶಕ್ಕೆ ತೆಗೆದುಕೊಳ್ಳಲು ಕಮಿಶನರನಾಗಿ ಸುರಪುರಕ್ಕೆ ಮರಳಿದನು. ದಂಗೆಯಲ್ಲಿ ಆಂಗ್ಲರ ಪಕ್ಷ ಬಿಡದಿದ್ದ ನಿಜಾಮನಿಗೆ 1860ರಲ್ಲಿ ಆ ಸೀಮೆಯನ್ನು ಬಹುಮಾನವಾಗಿ ಕೊಟ್ಟರು. ಅದೇ ವರ್ಷ ಆರೋಗ್ಯ ಕೆಟ್ಟು ಟೇಲರನು ಈ ದೇಶವನ್ನು ಬಿಟ್ಟನು.

ಐರ್ಲೆಂಡಿನಲ್ಲಿ ನೆಲೆಸಿ ಅವನು ಬರೆದುದೆಲ್ಲ ಇಲ್ಲಿಯ ಕಥೆಗಳನ್ನೇ. ವಿಜಾಪುರದ ಆದಿಲಶಾಹಿಯನ್ನೂ ಶಿವಾಜಿಯ ಉದಯವನ್ನೂ ಕುರಿತ ‘ತಾರಾ’ 1863ರಲ್ಲಿ ಬಂದಿತು. ವಿಜಾಪುರದ ಕಟ್ಟಡಗಳ ಛಾಯಾಚಿತ್ರಗಳ ದೊಡ್ಡ ಗ್ರಂಥವು 1866ರಲ್ಲಿ ಪ್ರಕಟವಾದಾಗ ಅದಕ್ಕೆ ಐತಿಹಾಸಿಕ ವಿವರಣೆ ಬರೆದವನೂ ಇವನೇ. ಗೋಳಗುಮ್ಮಟ, ಇಬ್ರಾಹಿಂ ರೋಜಾಗಳ ವೈಭವವನ್ನು ಹೊರದೇಶದ ಓದುಗರಿಗೆ ತಿಳಿಸಿದ ಮೊದಲ ಗ್ರಂಥಗಳಲ್ಲಿ ಅದೊಂದು. 1872ರಲ್ಲಿ ಬಂದ ‘ಸೀತಾ’ ಕಾದಂಬರಿಯಲ್ಲಿ ಆಂಗ್ಲ ಅಧಿಕಾರಿಯೊಬ್ಬನು ಹಿಂದೂ ವಿಧವೆಯೊಬ್ಬಳನ್ನು ವಿವಾಹವಾಗುತ್ತಾನೆ. ದಂಗೆಯ ಗಾಯ ಮಾಯದಿದ್ದ ಆ ದಿನಗಳಲ್ಲಿ ತನ್ನ ಜನರ ಮುಂದೆ ಇಂಥ ಕಥೆಯನ್ನಿಡಲು ಎದೆಗಾರಿಕೆ ಬೇಕಿದ್ದಿತು. ಬೇಗಂ ಒಬ್ಬಳ ಮೊಮ್ಮಗಳ ಕೈಹಿಡಿದವನಿಗೆ ಅದು ಇದ್ದಿತು.

ಕೊನೆಗಾಲದಲ್ಲಿ ಕಣ್ಣುಗಳ ಬೆಳಕು ಕುಂದಿತು. ಆದರೂ ಸಾಲಾರ್ ಜಂಗನ ಆಮಂತ್ರಣದ ಮೇರೆಗೆ 1875ರಲ್ಲಿ ಇನ್ನೊಮ್ಮೆ ಹೈದರಾಬಾದಿಗೆ ಬಂದನು. ಇಲ್ಲಿ ಜ್ವರ ಹತ್ತಿ, ಮರಳುವ ದಾರಿಯಲ್ಲಿ 1876ರ ಮೇ 13ರಂದು ಫ್ರಾನ್ಸಿನ ಮಾಂತೋನ್ ಎಂಬ ಕಡಲತಡಿಯ ಊರಿನಲ್ಲಿ ತೀರಿಕೊಂಡನು. ಮಗಳು ಆಲಿಸ್ ಅವನ ಆತ್ಮಕಥೆಯನ್ನು ಮರುವರ್ಷ ಎರಡು ಸಂಪುಟಗಳಲ್ಲಿ ಅಚ್ಚುಹಾಕಿಸಿದಳು. ವಿಜಾಪುರದ ಚಾಂದಬೀಬಿಯನ್ನೂ, ಮುದಗಲ್ಲ ಸೀಮೆಯನ್ನೂ ಕುರಿತ ಅವನ ಕಡೆಯ ಕಾದಂಬರಿ ‘ಎ ನೋಬಲ್ ಕ್ವೀನ್’ ಹೊರಬಂದುದು 1878ರಲ್ಲಿ, ಅವನು ಸತ್ತು ಎರಡು ವರ್ಷವಾದ ಮೇಲೆ.